ಅವ್ವನ ಕರಡಿಗೆಯೊಂದಿಗೆ ಐದು ದಿನ

ಅವ್ವ ತೀರಿಕೊಂಡಾಗ ಅವಳ ಇಷ್ಟಲಿಂಗವನ್ನು ಅವಳ ಎಡಗೈಯಲ್ಲಿಯೇ ಇಟ್ಟು ಮಣ್ಣು ಮಾಡಿದೆವು. ನಮ್ಮಲ್ಲಿ ಅದೇ ಪದ್ಧತಿ. ಲಿಂಗ ಅವಳ ಸಂಗಡ ಹೋಯಿತು, ಅದನ್ನು ಇಷ್ಟು ವರ್ಷ ಕಾಯ್ದಿದ್ದ ಬೆಳ್ಳಿಯ ಕರಡಿಗೆ ಮಾತ್ರ ಮನೆಯಲ್ಲಿ ಉಳಿಯಿತು. ಅವಳ ಬೆರಳು ಸವರಿ ಸವರಿ ಅದರ ಮುಚ್ಚಳದ ಮೇಲಿನ ಗೆರೆಗಳೆಲ್ಲ ನುಣುಪಾಗಿವೆ. ಒಂದು ಬದಿಯ ಕಿವಿ ಮುರಿದು ಬೆಸುಗೆ ಹಾಕಿಸಿದ ಗುರುತಿದೆ.

ಚಿಕ್ಕವಳಿದ್ದಾಗ ಬೆಳಗಿನ ಪೂಜೆಗೆ ಕುಳಿತ ಅವಳನ್ನು ಒಮ್ಮೆ ಕೇಳಿದ್ದೆ: “ಅಷ್ಟೊತ್ತು ಅದನ್ನ ನೋಡ್ತಿ, ಏನ್ ಕಾಣತೈತಿ ಅವ್ವಾ?” ಅವಳು ಕಣ್ಣು ಕೀಳದೆ ಹೇಳಿದ್ದಳು: “ನಾ ಹೇಳಿದ್ರ ನಿನಗ ಕಂಡಂಗ ಆಕ್ಕೈತೇನವಾ? ಕುಂತು ನೋಡು.” ನಾನು ಕೂರಲಿಲ್ಲ. ನನಗೂ ಲಿಂಗಧಾರಣೆಯಾಗಿತ್ತು, ಆದರೆ ಆ ಲಿಂಗ ವಸ್ತ್ರದಲ್ಲಿ ಸುತ್ತಿಕೊಂಡು ಕಪಾಟಿನ ಖಾನೆಯೊಂದರಲ್ಲಿ ಮೂವತ್ತು ವರ್ಷ ಮಲಗಿತ್ತು. ದೇವರನ್ನು ನಂಬುತ್ತೀಯೋ ಎಂದು ಯಾರಾದರೂ ಕೇಳಿದರೆ ಹೌದೆನ್ನಲು ಧೈರ್ಯವಿರಲಿಲ್ಲ, ಇಲ್ಲವೆನ್ನಲು ಮನಸ್ಸಿರಲಿಲ್ಲ.

ಅವ್ವನ ವರ್ಷಾಬ್ದಿಕ ಮುಗಿದ ಮೇಲೆ, ಡಿಸೆಂಬರಿನ ಮೊದಲ ವಾರದಲ್ಲಿ, ಆ ಲಿಂಗವನ್ನು ಅವಳ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ತಮ್ಮ ರಜೆ ಹಾಕಿ ತನ್ನ ಕಾರು ತೆಗೆದ. ಶರಣರು ಹುಟ್ಟಿದ, ನಡೆದಾಡಿದ, ಕೂಡಿ ಮಾತಾಡಿದ ನೆಲವನ್ನು ನೋಡಿಕೊಂಡು ಬರುವುದು ಎಂದಷ್ಟೇ ಮನೆಯಲ್ಲಿ ಹೇಳಿದ್ದೆ. ಕೇಳಿದ್ದು ಎಷ್ಟು, ಕಂಡದ್ದು ಎಷ್ಟು ಎಂದು ನನ್ನೊಳಗೆ ಬೇರ್ಪಡಿಸಿ ನೋಡಬೇಕೆಂಬ ಆಸೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮೊದಲ ದಿನ: ಉಡುತಡಿ, ಬಳ್ಳಿಗಾವಿ

ಹಾವೇರಿಯಿಂದ ಹಿರೇಕೆರೂರು ದಾಟಿ ಶಿರಾಳಕೊಪ್ಪದ ಕಡೆಗೆ ಹೋಗುವಾಗ ನೆಲದ ಬಣ್ಣ ನಿಧಾನವಾಗಿ ಬದಲಾಗುತ್ತದೆ. ಗೋವಿನಜೋಳದ ಹೊಲಗಳು ಹಿಂದೆ ಬಿದ್ದು ಅಡಿಕೆ ತೋಟಗಳು, ಕೊಯ್ಲಾದ ಗದ್ದೆಗಳು, ತುಂಬಿದ ಕೆರೆಗಳು ಎದುರಾಗುತ್ತವೆ. ಬೆಳಗಿನ ಮಂಜು ಹತ್ತು ಗಂಟೆಯಾದರೂ ಕೆರೆಯ ಮೇಲಿಂದ ಎದ್ದಿರಲಿಲ್ಲ. ಅಕ್ಕಮಹಾದೇವಿಯ ಊರೆನ್ನುವ ಉಡುತಡಿಯಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಉದ್ಯಾನ, ಎತ್ತರದ ಪ್ರತಿಮೆ ಎಲ್ಲವೂ ಅಚ್ಚುಕಟ್ಟಾಗಿವೆ. ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟವಳನ್ನು ಅಷ್ಟು ಅಚ್ಚುಕಟ್ಟಿನ ನಡುವೆ ನೆನೆಯಲು ನನಗೆ ಆಗಲಿಲ್ಲ.

ಬಳ್ಳಿಗಾವಿ ಹಾಗಲ್ಲ. ಇಂದು ಅದು ಮನೆಯಂಗಳದಲ್ಲಿ ಎಮ್ಮೆ ಕಟ್ಟಿಕೊಂಡ ಸಣ್ಣ ಹಳ್ಳಿ, ಆದರೆ ಒಂಬೈನೂರು ವರ್ಷಗಳ ಹಿಂದೆ ಬನವಾಸಿ ನಾಡಿನ ರಾಜಧಾನಿಯಾಗಿದ್ದ ಪಟ್ಟಣ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಊರ ನಡುವೆ ಇಂದಿಗೂ ನಿಂತಿದೆ. ಕೇದಾರೇಶ್ವರ ಗುಡಿಗೆ ಹೊಂದಿಕೊಂಡಿದ್ದ ಕೋಡಿಯ ಮಠ ಕಾಳಾಮುಖರೆಂಬ ಶೈವ ಯತಿಗಳ ದೊಡ್ಡ ವಿದ್ಯಾಸ್ಥಾನವಾಗಿತ್ತು. 1162ರ ಶಾಸನವೊಂದು ಆ ಮಠವನ್ನು ಬಣ್ಣಿಸುವ ಬಗೆ ಓದಿದವರ ಮನಸ್ಸಿನಿಂದ ಮಾಸುವುದಿಲ್ಲ. ನಾಲ್ಕು ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ, ಯೋಗಶಾಸ್ತ್ರ ಇವೆಲ್ಲ ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದವು. ಕುರುಡರು, ಕುಂಟರು, ಹಾಡುವವರು, ಬಾರಿಸುವವರು, ಎಲ್ಲ ಪಂಥದ ಸನ್ಯಾಸಿಗಳು ಅಲ್ಲಿ ಉಣ್ಣುತ್ತಿದ್ದರು. ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು. ಇಷ್ಟೆಲ್ಲ ಜ್ಞಾನ ಒಂದೇ ಅಂಗಳದಲ್ಲಿ ರಾಶಿ ಬಿದ್ದಿದ್ದ ಊರಿನಲ್ಲಿಯೇ ಅಲ್ಲಮ ಹುಟ್ಟಿದ, ಗುಡಿಯಲ್ಲಿ ಮದ್ದಳೆ ಬಾರಿಸಿದ. ಆದರೂ ಅವನಿಗೆ ಬೇಕಾದದ್ದು ಅಲ್ಲಿ ಸಿಗಲಿಲ್ಲ ಎನ್ನುವುದನ್ನು ನಾನು ಆ ಕಲ್ಲುಹಾಸಿನ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದೆ.

ಕವಿ ಹರಿಹರನು ಹೇಳುವ ಕಥೆ ಇದು. ಹೆಂಡತಿ ಕಾಮಲತೆಯನ್ನು ಕಳೆದುಕೊಂಡು ಮರುಳಾಗಿ ತಿರುಗುತ್ತಿದ್ದ ಅಲ್ಲಮನು ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿದ್ದಾಗ ಮಣ್ಣಿನಿಂದ ಕಳಸವೊಂದು ಹೊರಗೆ ಕಾಣಿಸುತ್ತದೆ. ಅಗೆಸಿದರೆ ಕೆಳಗೆ ಹೂತುಹೋದ ಗುಡಿ. ಬಾಗಿಲು ತೆರೆದು ಒಳಹೊಕ್ಕರೆ ಅನಿಮಿಷನೆಂಬ ಯೋಗಿ ಅಂಗೈಯ ಲಿಂಗದಲ್ಲಿ ಎವೆಯಿಕ್ಕದ ಕಣ್ಣು ನೆಟ್ಟು ಕುಳಿತಿದ್ದಾನೆ. ಅವನು ಉಪದೇಶ ಮಾಡುವುದಿಲ್ಲ, ಮಂತ್ರ ಹೇಳುವುದಿಲ್ಲ, ಏನನ್ನಾದರೂ ನಂಬು ಎನ್ನುವುದಿಲ್ಲ. ಲಿಂಗ ಆ ಕೈಯಿಂದ ಈ ಕೈಗೆ ಬರುತ್ತದೆ, ಅನಿಮಿಷನ ಉಸಿರು ನಿಲ್ಲುತ್ತದೆ. ಅಲ್ಲಮ ಅಲ್ಲಿಂದ ಬೇರೆ ಮನುಷ್ಯನಾಗಿ ಹೊರಡುತ್ತಾನೆ.

ಗುಡಿಯ ಹೊರಗೆ ಹುಲ್ಲು ಹೆರೆಯುತ್ತಿದ್ದ ಹಿರಿಯರೊಬ್ಬರನ್ನು ತಮ್ಮ ಕೇಳಿದ: “ಅಜ್ಜಾ, ಆ ಹೂತುಹೋಗಿದ್ದ ಗುಡಿ ಎಲ್ಲಿದೆ?” ಅವರು ಕುಡುಗೋಲು ಕೆಳಗಿಟ್ಟು ಸುತ್ತಲಿನ ಹೊಲಗಳ ಕಡೆಗೆ ಕೈ ತೋರಿಸಿದರು. “ಈ ಊರಾಗೆ ಎಲ್ಲಿ ಅಗೆದ್ರೂ ಒಂದು ಕಲ್ಲು ಸಿಕ್ತದೆ. ಇದೇ ಅಂತ ಹೆಂಗೆ ಹೇಳಾಣ? ನಿಮ್ಗೆ ಬೇಕಾದ್ದು ನೀವೇ ಅಗೀಬೇಕು,” ಎಂದು ಮತ್ತೆ ಹುಲ್ಲಿಗೆ ಕೈ ಹಾಕಿದರು. ಅವರು ಅದನ್ನು ತತ್ತ್ವವೆಂದು ಹೇಳಲಿಲ್ಲ, ಊರಿನ ಸಂಗತಿಯೆಂದೇ ಹೇಳಿದರು. ನನಗೆ ಮಾತ್ರ ಅವ್ವನ ದನಿ ಕೇಳಿದಂತಾಯಿತು.

ಎರಡನೆಯ ದಿನ: ಕೂಡಲಸಂಗಮ

ಗದಗ, ಗಜೇಂದ್ರಗಡ, ಇಳಕಲ್ ದಾಟುವ ದಾರಿ ಉದ್ದದ್ದು. ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ತಾಳ್ಮೆಯೇ ಗತಿ. ಈ ಕಾಲದಲ್ಲಿ ಇತ್ತ ಬರುವವರು ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಿಂದೆ ದೀಪವಿಲ್ಲದ ಟ್ರೇಲರುಗಳು ರಾತ್ರಿ ಕಣ್ಣಿಗೆ ಬೀಳುವುದೇ ಇಲ್ಲ. ಮಧ್ಯಾಹ್ನ ದಾರಿಬದಿಯ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು. ಬಡಿಸುವಾಕೆ ನನ್ನ ಕೊರಳ ಕರಡಿಗೆಯನ್ನು ನೋಡಿದವಳೇ ಕೇಳದೆ ಇನ್ನೊಂದು ರೊಟ್ಟಿ ಹಾಕಿ “ಸಂಗಮಕ್ಕ ಹೊಂಟೀರೇನ್ರೀ?” ಎಂದಳು. ನಂಬಿಕೆಯ ಗುರುತನ್ನು ಧರಿಸಿದವರಿಗೆ ಸಿಗುವ ಈ ಸಲುಗೆಯನ್ನು ನಾನು ಕದ್ದು ಉಣ್ಣುತ್ತಿದ್ದೇನೆಯೇ ಎಂದು ಒಂದು ಗಳಿಗೆ ಮುಜುಗರವಾಯಿತು.

ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಜಾಗಕ್ಕೆ ನಾವು ಮುಟ್ಟಿದಾಗ ಇಳಿಹೊತ್ತು. ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟ ಬಸವಣ್ಣ ಕಲಿತು ಬೆಳೆದದ್ದು ಇಲ್ಲಿ. ಕಲ್ಯಾಣದಿಂದ ಮರಳಿ ಬಂದು ಐಕ್ಯನಾದದ್ದೂ ಇಲ್ಲಿಯೇ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಆವರಿಸಿಕೊಂಡದ್ದರಿಂದ ಐಕ್ಯಮಂಟಪವನ್ನು ಬಾವಿಯಂತಹ ಎತ್ತರದ ಗೋಡೆ ಕಟ್ಟಿ ಉಳಿಸಿದ್ದಾರೆ. ಸೇತುವೆಯ ಮೇಲೆ ನಡೆದು ಹೋಗಿ ಸುತ್ತುಮೆಟ್ಟಿಲು ಇಳಿದರೆ, ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತಿರುತ್ತೇವೆ. ಗೋಡೆಯಾಚೆ ಹೊಳೆ ಇದೆಯೆಂದು ಬುದ್ಧಿಗೆ ಗೊತ್ತು, ಕಿವಿಗೆ ಮಾತ್ರ ನಮ್ಮದೇ ಉಸಿರು ಕೇಳಿಸುತ್ತದೆ.

ಮೇಲೆ ಬಂದು ಕೈಕಾಲು ತೊಳೆಯಲೆಂದು ಘಾಟಿನ ಮೆಟ್ಟಿಲಿಳಿದೆ. ನೀರಿನಂಚಿನ ಮೆಟ್ಟಿಲುಗಳಿಗೆ ಪಾಚಿ ಕಟ್ಟಿರುತ್ತದೆ, ಬರಿಗಾಲಿನಲ್ಲಿಯೂ ಜಾರುತ್ತದೆ. ಇದನ್ನು ತಿಳಿಯದೆ ಎರಡು ಮೆಟ್ಟಿಲು ಹೆಚ್ಚಿಗೆ ಇಳಿದು ಬಗ್ಗಿದೆ. ಕಾಲು ಜಾರಿತು. ಬೀಳಲಿಲ್ಲ, ಆದರೆ ಕೈಗೆ ಸಿಕ್ಕ ಶಿವದಾರ ಜಗ್ಗಿ ಹರಿಯಿತು. ಕರಡಿಗೆ ಮೆಟ್ಟಿಲಿಗೆ ಬಡಿದು ಬಾಯಿ ತೆರೆಯಿತು. ಬೆಳ್ಳಿಯ ಎರಡು ಹೋಳು ಅಲ್ಲೇ ಉಳಿದವು. ಲಿಂಗ ಉರುಳುತ್ತ ಒಂದು, ಎರಡು, ಮೂರು ಮೆಟ್ಟಿಲಿಳಿದು ನೀರು ಸೇರಿತು. ಬಿದ್ದ ಸದ್ದು ಸಹ ಆಗಲಿಲ್ಲ.

ಆಗ ನನಗಾದದ್ದನ್ನು ಇದ್ದಹಾಗೆ ಬರೆಯಬೇಕು. ಮೂವತ್ತು ವರ್ಷ ಕಪಾಟಿನಲ್ಲಿ ಬಿದ್ದಿದ್ದಾಗ ಒಮ್ಮೆಯೂ ನೆನೆಯದ ಆ ಲಿಂಗಕ್ಕಾಗಿ ನನ್ನ ಮೈ ಗಡಗಡ ನಡುಗಿತು. ಲಿಂಗ ಕಳೆದುಕೊಂಡವರು ಪ್ರಾಣ ಬಿಡುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದ ಕಥೆಗಳು, ಮನೆಗೆ ಕೇಡಾಗುತ್ತದೆಂಬ ಮಾತು, ಅವ್ವನ ಮುಖ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಸೀರೆಯ ಪರಿವೆಯಿಲ್ಲದೆ ಮೊಣಕಾಲು ನೀರಿಗೆ ಇಳಿದು ಎರಡೂ ಕೈಗಳಿಂದ ಕೆಸರು ತಡಕಿದೆ. ಕೈಗೆ ಸಿಕ್ಕದ್ದು ತೆಂಗಿನ ಚಿಪ್ಪು, ಒಡೆದ ಬಳೆ, ನಾಣ್ಯಗಳು. ನಾನು ನಂಬುವವಳೋ ಅಲ್ಲವೋ ಎಂಬ ಪ್ರಶ್ನೆಗೆ ಬುದ್ಧಿ ಇಷ್ಟು ವರ್ಷ ಕೊಡದ ಉತ್ತರವನ್ನು ಮೈ ಆ ಹತ್ತು ನಿಮಿಷಗಳಲ್ಲಿ ಕೊಟ್ಟುಬಿಟ್ಟಿತ್ತು. ಆ ಉತ್ತರ ಭಯದ ರೂಪದಲ್ಲಿತ್ತು.

ದೋಣಿ ಕಟ್ಟುತ್ತಿದ್ದ ಅಂಬಿಗರೊಬ್ಬರು ನೋಡಿ ಹತ್ತಿರ ಬಂದರು. “ಗಡಬಡ ಮಾಡಬ್ಯಾಡ್ರಿ ತಂಗಿ. ನೀವು ತುಳಿದಷ್ಟೂ ರಾಡಿ ಏಳತೈತಿ. ಮ್ಯಾಲೆ ಬರ್ರಿ, ನೀರು ತಿಳಿ ಆಗಲಿ,” ಎಂದರು. ಮೇಲೆ ಬಂದು ನಿಂತೆ. ನಿಲ್ಲುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೆಸರು ಇಳಿದು ನೀರು ತಿಳಿಯಾದ ಮೇಲೆ ಅವರು ನಿಧಾನವಾಗಿ ಇಳಿದು, ಕಾಲ್ಬೆರಳಿನಿಂದ ಮೆಟ್ಟಿಲಿನ ಮೂಲೆಯನ್ನು ಸವರಿ, ಬಗ್ಗಿ ತೆಗೆದು ಕೊಟ್ಟರು. ಲಿಂಗದ ಹೊರಲೇಪವಾದ ಕಪ್ಪು ಕಂತಿಯ ಮೇಲೆ ಉಗುರಿನಷ್ಟು ಉದ್ದದ ಒಂದು ಗೀರು ಬಿದ್ದಿತ್ತು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. “ಹೊಳ್ಯಾಗ ಬಿದ್ದದ್ದು ತೆಗೆಯೂದು ನಮ್ಮ ಕೆಲಸರೀ,” ಎಂದು ಮತ್ತೆ ಹಗ್ಗ ಹಿಡಿದರು.

ಅಂದು ದಾಸೋಹದ ಪಂಕ್ತಿಯಲ್ಲಿ ಕುಳಿತರೂ ಊಟ ಸೇರಲಿಲ್ಲ. ತಮ್ಮ ಹೊಸ ಶಿವದಾರ ಕೊಂಡು ತಂದ. ಬೈಯಬಹುದಿತ್ತು, ಬೈಯಲಿಲ್ಲ.

ಮೂರನೆಯ ದಿನ: ಸಂಗಮದ ನಸುಕು, ಬಾಗೇವಾಡಿ, ವಿಜಯಪುರ

ನಸುಕಿನ ನಾಲ್ಕೂವರೆಗೆ ಎಚ್ಚರವಾಯಿತು. ಹೊಳೆಯ ಕಡೆಯಿಂದ ಚಳಿಗಾಳಿ ಬೀಸುತ್ತಿದ್ದುದರಿಂದ ಕೋಣೆಯಲ್ಲಿಯೇ ದೀಪ ಹಚ್ಚಿ ಕುಳಿತೆ. ಅವ್ವ ಮಾಡುತ್ತಿದ್ದಂತೆ ದೀಪವನ್ನು ಬೆನ್ನ ಹಿಂದೆ ಎತ್ತರದಲ್ಲಿಟ್ಟು, ಅದರ ಬೆಳಕು ಎಡಗೈಯ ಲಿಂಗದ ನೆತ್ತಿಯ ಮೇಲೆ ಸಾಸಿವೆಯಷ್ಟು ಚುಕ್ಕೆಯಾಗಿ ಬೀಳುವಂತೆ ಅಂಗೈ ಹೊಂದಿಸಿದೆ. ಆ ಚುಕ್ಕೆಯನ್ನು ಎವೆಯಿಕ್ಕದೆ ನೋಡುವುದು. ಅಷ್ಟೇ ಕೆಲಸ.

ಮೊದಲು ಕಣ್ಣಲ್ಲಿ ನೀರು ಬಂತು. ಆಮೇಲೆ ಎಡರಟ್ಟೆ ನೋಯತೊಡಗಿತು. ಗೀರಿನ ಮೇಲೆಯೇ ಕಣ್ಣು ಹೋಗುತ್ತಿತ್ತು. ತಮ್ಮನ ಗೊರಕೆ, ದೂರದ ಟ್ರ್ಯಾಕ್ಟರ್, ಮನೆಯಲ್ಲಿ ಆರಿಸಿದೆನೋ ಇಲ್ಲವೋ ಎಂದು ಅನುಮಾನವಾದ ಗ್ಯಾಸು, ಎಲ್ಲವೂ ಸರದಿಯಲ್ಲಿ ಬಂದವು. ಏಳಬೇಕೆಂದುಕೊಂಡಾಗಲೆಲ್ಲ ಅಂಬಿಗರ ಮಾತು ನೆನಪಾಗಿ, ರಾಡಿ ಇಳಿಯಲಿ ಎಂದು ಕುಳಿತೆ. ಎಷ್ಟು ಹೊತ್ತಾಯಿತೋ, ಒಂದು ಹಂತದಲ್ಲಿ ಅಂಗೈಯ ಅಂಚು ಕರಗಿತು. ಕೋಣೆಯೂ ಕರಗಿತು. ಕಪ್ಪು ಹರಡಿಕೊಂಡಿತು, ಅದರ ನಡುವೆ ಚುಕ್ಕೆ ಮಾತ್ರ ಉಳಿಯಿತು. ನೋವು ಇತ್ತು, ಆದರೆ ಅದು ಯಾರದೋ ಎಂಬಂತೆ ದೂರದಲ್ಲಿತ್ತು. ನೋಡುವವಳು ನಾನು ಎಂಬ ಮಾತೂ ಅಲ್ಲಿ ಬೇಕಾಗಿರಲಿಲ್ಲ. ತಮ್ಮ ಕೆಮ್ಮಿದ. ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಮರಳಿದವು.

ಬಾಗೇವಾಡಿಯ ದಾರಿಯಲ್ಲಿ ಅವನಿಗೆ ಹೇಳಿದೆ. ಅವನು ಗೌರವದಿಂದಲೇ ಕೇಳಿ, ತನಗೆ ತಿಳಿದದ್ದನ್ನು ಹೇಳಿದ: “ಅಕ್ಕಾ, ಒಂದೇ ಬಿಂದುವನ್ನ ಅಲುಗದೆ ನೋಡಿದರೆ ಸುತ್ತಲಿನದು ಮಾಯ ಆಗೋದು ಕಣ್ಣಿನ ಗುಣ. ಬದಲಾಗದೆ ಇರೋದನ್ನ ಕಣ್ಣು ಲೆಕ್ಕಕ್ಕೆ ಹಿಡಿಯೋದಿಲ್ಲ. ಟ್ರಾಕ್ಸ್ಲರ್ ಅನ್ನೋ ವೈದ್ಯ 1804ರಲ್ಲಿಯೇ ಇದನ್ನ ಬರೆದಿಟ್ಟಿದ್ದಾನೆ.” ನನಗೆ ಬೇಸರವಾಗಲಿಲ್ಲ. ಅಂಗೈ ಏಕೆ ಕರಗಿತು ಎಂಬುದಕ್ಕೆ ಅದು ಸರಿಯಾದ ಉತ್ತರವೇ. ಆದರೆ ನೋವು ಇದ್ದೂ ನನ್ನದಲ್ಲವೆನಿಸಿದ್ದು, ಹಿಂದಿನ ಸಂಜೆ ಗಡಗಡ ನಡುಗಿದ್ದವಳಲ್ಲಿ ಆ ನಡುಕದ ತುಣುಕೂ ಉಳಿಯದೆ ಹೋದದ್ದು ಕಣ್ಣಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಅವನು ಸ್ವಲ್ಪ ದೂರ ಗಾಡಿ ಓಡಿಸಿ, “ಅದು ನನಗೆ ಗೊತ್ತಿಲ್ಲ,” ಎಂದ. ನಮ್ಮಿಬ್ಬರ ನಡುವೆ ಈ ವಿಷಯದಲ್ಲಿ ಅಷ್ಟು ಪ್ರಾಮಾಣಿಕವಾದ ಮಾತು ಹಿಂದೆಂದೂ ಆಗಿರಲಿಲ್ಲ.

ಕನ್ನಡದಲ್ಲಿ ಅನುಭವ ಬೇರೆ, ದೈವವನ್ನು ಒಳಗೇ ಕಾಣುವ ಅನುಭಾವ ಬೇರೆ. ನಡುವಿನ ಅಂತರ ಒಂದೇ ಒಂದು ದೀರ್ಘ. ನನಗಾದದ್ದು ಅನುಭವ, ಅದಕ್ಕೆ ದೀರ್ಘ ಎಳೆಯುವ ಅಧಿಕಾರ ನನಗಿಲ್ಲ. ಆದರೆ ಅದು ಯಾರೋ ಹೇಳಿ ಕೇಳಿದ್ದಲ್ಲ ಎನ್ನುವುದೂ ಅಷ್ಟೇ ನಿಜ.

ಬಸವನ ಬಾಗೇವಾಡಿಯಲ್ಲಿ ಜಾತ್ರೆಯಂತಹ ಜನವಿದ್ದುದರಿಂದ ದರ್ಶನ ಮಾಡಿ ಬೇಗ ಹೊರಟೆವು. ವಿಜಯಪುರದಲ್ಲಿ ಎಲ್ಲರೂ ಗೋಳಗುಮ್ಮಟಕ್ಕೆ ಹೋಗುತ್ತಾರೆ. ನಾನು ಫ.ಗು. ಹಳಕಟ್ಟಿಯವರನ್ನು ನೆನೆಯಲು ಅಲ್ಲಿ ಉಳಿದುಕೊಂಡೆ. ವಕೀಲರಾಗಿದ್ದ ಅವರು ಮನೆಮನೆ, ಮಠಮಠ ತಿರುಗಿ ಓಲೆಗರಿಗಳನ್ನು ಕೂಡಿಸಿದರು, 1923ರಲ್ಲಿ ವಚನಗಳ ಸಂಗ್ರಹವಾದ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಹಳೆಯ ಓಲೆಗರಿಯೊಂದನ್ನು ನಾನು ಹಿಂದೆ ಬಂಧುಗಳ ಮನೆಯಲ್ಲಿ ಕೈಯಲ್ಲಿ ಹಿಡಿದಿದ್ದೆ. ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರಕ್ಕೆ ಬಣ್ಣವಿರುವುದಿಲ್ಲ, ಬರಿಗಣ್ಣಿಗೆ ಅದು ಖಾಲಿ ಗರಿ. ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಸವರಿ ಒರೆಸಿದಾಗ ಮಸಿ ಗೀರುಗಳಲ್ಲಿ ಮಾತ್ರ ನಿಂತು ಸಾಲುಗಳು ಮೂಡುತ್ತವೆ. ಸ್ವಂತ ಕಂಡದ್ದನ್ನೇ ನುಡಿಯಬೇಕೆಂದವರ ಮಾತು ನಮಗೆ ತಲುಪಿದ್ದು ಹೀಗೆ, ಬರೆದವರ, ಬಚ್ಚಿಟ್ಟವರ, ಒರೆಸಿ ಓದಿದವರ ನಂಬಿಕೆಯ ಮೇಲೆ. ಕೇಳಿದ್ದನ್ನೆಲ್ಲ ಹೊರಗೆಸೆದು ಕಂಡದ್ದನ್ನಷ್ಟೇ ಇಟ್ಟುಕೊಳ್ಳುತ್ತೇನೆ ಎಂದು ಮನೆಯಿಂದ ಹೊರಟಿದ್ದ ನನ್ನ ಲೆಕ್ಕ ಅಂದು ರಾತ್ರಿ ತಪ್ಪಿತು. ಅವ್ವ ನಂಬಿ ಕುಳಿತದ್ದನ್ನು ನೋಡಿರದಿದ್ದರೆ ನಾನು ಆ ನಸುಕಿನಲ್ಲಿ ಕೂರುತ್ತಲೇ ಇರಲಿಲ್ಲ.

ನಾಲ್ಕನೆಯ ದಿನ: ಬಸವಕಲ್ಯಾಣ

ಸಿಂದಗಿ ದಾಟಿ ಭೀಮೆಯನ್ನು ಹಾಯ್ದ ಮೇಲೆ ತೊಗರಿಯ ಸೀಮೆ. ಕಣ್ಣು ಹರಿಯುವಷ್ಟೂ ಮಾಗುತ್ತಿರುವ ತೊಗರಿ, ನಡುನಡುವೆ ಮೊಣಕಾಲೆತ್ತರದ ಬಿಳಿಜೋಳ, ಕಪ್ಪು ಎರೆ. ಚಹಾಕ್ಕೆ ನಿಲ್ಲಿಸಿದಲ್ಲಿ ಹೊಲದಿಂದ ಬಂದ ಹೆಣ್ಣುಮಗಳೊಬ್ಬಳು ಬೇಯಿಸಿದ ತೊಗರಿಕಾಯಿಯನ್ನು ಬೊಗಸೆ ತುಂಬ ಕೊಟ್ಟಳು. ಉಪ್ಪುನೀರಿನಲ್ಲಿ ಬೆಂದ ಆ ಕಾಯಿಗಳನ್ನು ಹಲ್ಲಿನಿಂದ ಜಗ್ಗಿ ತಿನ್ನುತ್ತ ಕಲಬುರಗಿ ದಾಟಿದೆವು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ದಾರಿ ಕೆಲವೆಡೆ ಕಿತ್ತು ಹೋಗಿದ್ದರಿಂದ ಬಸವಕಲ್ಯಾಣಕ್ಕೆ ಮುಟ್ಟಿದಾಗ ಎರಡು ಗಂಟೆ.

ಇಲ್ಲಿ ನೋಡುವ ತಾಣಗಳು ಊರಿನ ಸುತ್ತ ಚದುರಿವೆ. ನಮ್ಮ ಕಾರನ್ನು ಬಿಟ್ಟು ಆಟೋ ಮಾಡಿಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಗವಿಗಳ ದಾರಿ ಅಲ್ಲಿನವರಿಗೇ ಗೊತ್ತು. ಬಸವಣ್ಣ ಕುಳಿತು ಜನರ ಅಹವಾಲು ಕೇಳುತ್ತಿದ್ದನೆನ್ನುವ ಪರುಷಕಟ್ಟೆ, ಅಕ್ಕನ ಗವಿ, ಈಗಿರುವ ಅನುಭವ ಮಂಟಪ, 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಹೊಸ ಅನುಭವ ಮಂಟಪದ ಕಟ್ಟೋಣ ಎಲ್ಲವನ್ನೂ ನೋಡಿದೆವು. 12ನೆಯ ಶತಮಾನದ ಅನುಭವ ಮಂಟಪ ಎಲ್ಲಿತ್ತು, ಹೇಗಿತ್ತು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಲ್ಲಿ ನಡೆದವೆನ್ನುವ ಸಂವಾದಗಳನ್ನು ನಮಗೆ ಕಥೆಯಾಗಿ ಹೆಣೆದು ಕೊಟ್ಟದ್ದು 15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆ. ಕಲ್ಲಿನ ಕಟ್ಟಡ ಇತ್ತೋ ಇಲ್ಲವೋ ಎಂಬ ವಾದ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ನನಗೆ ದೊಡ್ಡದೆನಿಸುವುದು ಅಲ್ಲಿ ಅನುಭಾವವನ್ನು ಪರೀಕ್ಷೆಗೆ ಒಡ್ಡುತ್ತಿದ್ದರು ಎಂಬ ಕಲ್ಪನೆ. ಎಲ್ಲವನ್ನೂ ಬಿಟ್ಟು ಬಂದ ಅಕ್ಕನನ್ನು ಅಲ್ಲಮ ಕೈಮುಗಿದು ಒಳಗೆ ಕರೆಯುವುದಿಲ್ಲ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ ಎಂದು ತಡೆದು ಕೇಳುತ್ತಾನೆ. ಹಣ್ಣು ಒಳಗೆ ಮಾಗದೆ ಹೊರಸಿಪ್ಪೆಯ ಬಣ್ಣ ಕೆಡದು, ತನ್ನ ಮೈ ಕಂಡು ನಿಮಗೆ ನೋವಾಗಬಾರದೆಂದು ಮುಚ್ಚಿಕೊಂಡೆ ಎಂದು ಅವಳು ಉತ್ತರಿಸುತ್ತಾಳೆ. ನಾನು ಕಂಡೆ ಎಂದವರಿಗೆ ಹೇಗೆ ಕಂಡೆ ಎಂದು ಕೇಳುವವರು ಬೇಕು. ಕೇಳಿಸಿಕೊಳ್ಳುವ ಗಟ್ಟಿತನ ಕಂಡವರಲ್ಲಿಯೂ ಬೇಕು. ಹಿಂದಿನ ದಿನ ಕಾರಿನಲ್ಲಿ ತಮ್ಮ ಹೇಳಿದ ಮಾತಿಗೆ ನಾನು ಸಿಟ್ಟಾಗದಿದ್ದುದಕ್ಕೆ ಅಲ್ಲಿ ನಿಂತು ಸಮಾಧಾನಪಟ್ಟೆ.

ಹೊತ್ತು ಇಳಿಯುವಾಗ ನುಲಿಯ ಚಂದಯ್ಯನ ಗವಿಗೆ ಹೋದೆವು. ಒಳಗೆ ಕತ್ತಲೆ. ಗವಿಗಳಿಗೆಲ್ಲ ಕೈಯಲ್ಲೊಂದು ಟಾರ್ಚ್ ಇರಬೇಕು, ಮೊಬೈಲಿನ ಬೆಳಕು ಸಾಲದು. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಮುಪ್ಪಿನ ಅಜ್ಜರೊಬ್ಬರು ಕುಳಿತಿದ್ದರು. ನನ್ನ ಹೊಸ ಶಿವದಾರವನ್ನೂ ಹಳೆಯ ಕರಡಿಗೆಯನ್ನೂ ನೋಡಿ ವಿಚಾರಿಸಿದರು. ಸಂಗಮದಲ್ಲಿ ಆದದ್ದನ್ನು ಹೇಳಿದೆ. ಲಿಂಗಕ್ಕೆ ಮತ್ತೆ ಸಂಸ್ಕಾರ ಮಾಡಿಸಬೇಕೇನೋ ಎಂಬ ಅಳುಕನ್ನೂ ಹೇಳಿಕೊಂಡೆ. ಅವರು ನಕ್ಕರು.

“ಅದಕ್ಕೇ ಇಲ್ಲಿ ಬಂದೀರಿ ನೋಡ್ರಿ. ಚಂದಯ್ಯನ ಕಥಿ ಗೊತ್ತದನು ನಿಮಗ?”

ಗೊತ್ತಿತ್ತು, ಆದರೆ ಅವರ ಬಾಯಿಂದ ಕೇಳಬೇಕೆನಿಸಿತು. ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮರಿಗೆ ದಾಸೋಹ ಮಾಡುತ್ತಿದ್ದವನು. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಲಿಂಗ ಜಾರಿ ಬಿತ್ತು. ಅವನು ತಿರುಗಿಯೂ ನೋಡದೆ ಹೊರೆ ಕಟ್ಟಿಕೊಂಡು ಹೊರಟ. “ಲಿಂಗೇ ಬೆನ್ನು ಹತ್ತಿ ಬಂತ್ರಿ. ನನ್ನ ಎತ್ತಿಕೋ ಚಂದಯ್ಯಾ ಅಂತು. ನನ್ನ ಕಾಯಕ ಅದ, ಹೊತ್ತಾಗ್ಯದ, ನೀ ಬ್ಯಾಡ ಹೋಗು ಅಂದ. ಕಡೀಗಿ ಮಡಿವಾಳ ಮಾಚಯ್ಯ ನಡುವ ಬಂದು ರಾಜಿ ಮಾಡಿಸಬೇಕಾಯ್ತು. ಲಿಂಗಕ್ಕೂ ಕಾಯಕ ತಪ್ಪಲಿಲ್ಲ,” ಎಂದು ಹೇಳಿ, ಬತ್ತಿ ಮುಂದಕ್ಕೆ ತಳ್ಳಿ, ಎಣ್ಣೆಗೈಯನ್ನು ತಲೆಗೂದಲಿಗೆ ಒರೆಸಿಕೊಂಡರು.

“ಹಂಗಾದ್ರ ನಾ ನಡುಗಿದ್ದು ತಪ್ಪೇನ್ರೀ ಅಜ್ಜಾರ?” ಎಂದೆ.

“ತಪ್ಪು ಯಾಕ? ಚಂದಯ್ಯಗ ಕಾಯಕದಾಗ ಕಾಣ್ತಿತ್ತು, ಅಂವಾ ಅಂಜಲಿಲ್ಲ. ನಿಮಗ ಇನ್ನೂ ಕಂಡಿಲ್ಲ, ಅಂಜಿದ್ರಿ. ಅಂಜಿಕಿ ಅದ ಅಂತ ಗೊತ್ತಾಯ್ತಲ್ಲ, ಅಷ್ಟು ಹಗ್ಗ ಹೊಸೆದಂಗಾಯ್ತು.”

ಆ ಮಾತನ್ನು ತೂಗಿ ನೋಡುತ್ತ ಹೊರಗೆ ಬಂದೆ. ಕಳೆದುಕೊಳ್ಳುವ ಭಯದಿಂದ ಹಿಡಿದುಕೊಂಡದ್ದನ್ನೇ ನಾನು ನಂಬಿಕೆಯೆಂದು ಕರೆಯುತ್ತಿದ್ದೆ. ಬಿದ್ದರೂ ಎಲ್ಲಿಯೂ ಹೋಗದು ಎಂದು ತಿಳಿದವನ ನಿರಾಳವೇ ಬೇರೆ. ಅದು ಮಾತಿನಿಂದ ಬರುವಂಥದ್ದಲ್ಲ. ಅಜ್ಜ ಹೇಳಿದ ಮೇಲೂ ನಾನು ಆ ರಾತ್ರಿ ಕರಡಿಗೆಯ ಕೊಂಡಿಯನ್ನು ಎರಡು ಸಲ ಮುಟ್ಟಿ ನೋಡಿಯೇ ಮಲಗಿದೆ.

ಐದನೆಯ ದಿನ: ಬೀದರಿನ ಅಷ್ಟೂರು

ಬೀದರ್ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಅಷ್ಟೂರನ್ನು ನೋಡದೆ ಹೋಗಬೇಡಿ ಎಂದವರು ಅದೇ ಗವಿಯ ಅಜ್ಜ. “ಅಲ್ಲಮಪ್ರಭು ಅಲ್ಲೂ ಇದ್ದಾನ್ರಿ,” ಎಂದಿದ್ದರು.

ಬೀದರಿನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರು ಹೋದರೆ ಬಯಲಿನಲ್ಲಿ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗುಮ್ಮಟಗಳು. ಅವುಗಳಲ್ಲಿ 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹನ ಗೋರಿಗೆ ಜನ ಹೂವು ತರುತ್ತಾರೆ. ಕಿರ್ಮಾನಿನ ಸೂಫಿ ಸಂತ ಶಾಹ್ ನಿಯಮತುಲ್ಲಾನ ಅನುಯಾಯಿಯಾಗಿದ್ದ ಈ ಅರಸನನ್ನು ಮುಸಲ್ಮಾನರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆನ್ನುತ್ತಾರೆ. ವರ್ಷಕ್ಕೊಮ್ಮೆ ಉರುಸಿಗೆ ಕಲಬುರಗಿ ಸೀಮೆಯ ಮಾಡ್ಯಾಳದಿಂದ ಜಂಗಮರು ಜನರೊಡನೆ ಕಾಲ್ನಡಿಗೆಯಲ್ಲಿ ಬರುತ್ತಾರೆ, ತೆಂಗಿನಕಾಯಿ ಒಡೆಯುತ್ತದೆ, ಫಾತಿಹಾ ಓದಲಾಗುತ್ತದೆ. ಯಾವ ಪಾಠ ಸರಿ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ನನಗೂ ಎತ್ತಬೇಕೆನಿಸಲಿಲ್ಲ.

ಹೊರಗಿನ ಬಿಸಿಲಿನಿಂದ ಒಳಹೊಕ್ಕಾಗ ಏನೂ ಕಾಣಲಿಲ್ಲ. ಬಾವಲಿಯ ವಾಸನೆ, ಲೋಬಾನದ ವಾಸನೆ, ತಣ್ಣಗಿನ ಕಲ್ಲು. ನೋಡಿಕೊಳ್ಳುವ ಹಿರಿಯರು ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಂತು ಒಂದು ಕನ್ನಡಿ ಹಿಡಿದು ಬೆಳಕನ್ನು ಒಳಗೆ ತಿರುಗಿಸಿದರು. ಅದು ಗುಮ್ಮಟದ ಒಳಮೈಯನ್ನು ಮುಟ್ಟಿದಲ್ಲೆಲ್ಲ ಕೆಂಪು, ನೀಲಿ, ಬಂಗಾರದ ಬಳ್ಳಿಗಳೂ ಅಕ್ಷರಗಳೂ ಎದ್ದು ಬಂದವು, ಬೆಳಕು ಸರಿದೊಡನೆ ಮತ್ತೆ ಕತ್ತಲಿಗೆ ಹೋದವು. ಬಿಸಿಲು ಓರೆಯಾಗಿರುವ ಹೊತ್ತಿನಲ್ಲಿ ಮಾತ್ರ ಹೀಗೆ ತೋರಿಸಲು ಬರುತ್ತದೆಯೆಂದು ಅವರು ಹೇಳಿದ್ದರಿಂದ ನಾವು ಬೆಳಿಗ್ಗೆಯೇ ಬಂದದ್ದು ಪುಣ್ಯವಾಯಿತು. ಗೋಡೆಗಳ ಮೇಲೆ ಗುರುವಿನಿಂದ ಗುರುವಿಗೆ ಇಳಿದು ಬಂದವರ ಹೆಸರುಗಳ ಸಾಲು ಇದೆಯಂತೆ. ನನಗೆ ಓದಲು ಬಾರದ ಆ ಲಿಪಿಯನ್ನು ನೋಡುವಾಗ, ಕೈಯಿಂದ ಕೈಗೆ ಬಂದ ಅನಿಮಿಷನ ಲಿಂಗ ನೆನಪಾಯಿತು.

ಅಷ್ಟರಲ್ಲಿ ಇನ್ನೊಂದು ಗುಂಪು ಬಂದು ಹಿರಿಯರನ್ನು ಕರೆಯಿತು. ಅವರು ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. “ನೀವೇ ಹಿಡೀರಿ ಅಮ್ಮಾ, ತಮ್ಮ ನೋಡಲಿ. ಕೈ ಅಲುಗಬಾರದು, ಅಷ್ಟೇ.”

ನಾನು ಬಿಸಿಲಿನಲ್ಲಿ ನಿಂತ ಕಡೆಯಿಂದ ಒಳಗಿನದೇನೂ ಕಾಣುತ್ತಿರಲಿಲ್ಲ. ಬೆಳಕಿನ ತುಂಡು ಕತ್ತಲೆಯೊಳಗೆ ಅತ್ತಿತ್ತ ಹಾರುತ್ತಿತ್ತು. “ಅಕ್ಕಾ, ಮೇಲೆ... ಸ್ವಲ್ಪ ಎಡಕ್ಕೆ... ಹಾಂ, ನಿಂತಿತು, ಅಲುಗಿಸಬೇಡ,” ಎಂದು ತಮ್ಮ ಒಳಗಿನಿಂದ ಕೂಗಿದ. ಆಮೇಲೆ ಅವನ ಮಾತು ನಿಂತಿತು. ಏನು ಕಾಣುತ್ತಿದೆ ಎಂದು ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ಬಲಗೈ ಸೋಲತೊಡಗಿತ್ತು. ಬೆಳಕು ಕದಲದಂತೆ ನಿಧಾನವಾಗಿ ಕನ್ನಡಿಯನ್ನು ಎಡಗೈಗೆ ಬದಲಿಸಿಕೊಂಡೆ.